ತಗಡಿನ ಸದ್ದು

ಆ ಬೀದಿಯಲ್ಲಿ ಯಾರೂ ಹೇಳದೆ ಸದ್ದು ಮಾಡುವುದಿಲ್ಲ. ಷಟರ್ ಎಳೆಯುವವನು ಮೊದಲು ಹೊರಗೆ ತಲೆ ಹಾಕಿ "ಸದ್ದೂ!" ಎಂದು ಕೂಗುತ್ತಾನೆ, ಒಂದು ಉಸಿರು ಕಾಯುತ್ತಾನೆ, ಆಮೇಲೆ ಎಳೆಯುತ್ತಾನೆ. ಗಾಡಿಯಿಂದ ಮರದ ಪೆಟ್ಟಿಗೆ ಇಳಿಸುವವರೂ ಹಾಗೆಯೇ. ಇಸ್ತ್ರಿ ಅಂಗಡಿಯ ಅಕ್ಕನಂತೂ ಭಾರದ ಇಸ್ತ್ರಿಪೆಟ್ಟಿಗೆಯನ್ನು ಕಬ್ಬಿಣದ ತಟ್ಟೆಯ ಮೇಲೆ ಇಡುವ ಮೊದಲು, ಅಂಗಡಿಯಲ್ಲಿ ತಾನೊಬ್ಬಳೇ ಇದ್ದರೂ, ಬಾಯೊಳಗೇ "ಸದ್ದು" ಎಂದುಕೊಳ್ಳುತ್ತಾಳೆ. ಹೊಸಬರು ನೋಡಿ ನಗುತ್ತಾರೆ. ಯಾರಾದರೂ ಪಕ್ಕಕ್ಕೆ ಕರೆದು ಎರಡು ಮಾತು ಹೇಳಿದ ಮೇಲೆ ಅವರೂ ದನಿ ತಗ್ಗಿಸಿ ನಡೆಯುತ್ತಾರೆ.

ಇದು ಸಭೆ ಸೇರಿ ಮಾಡಿಕೊಂಡ ಕಟ್ಟುಪಾಡಲ್ಲ. ಬೀದಿಯಲ್ಲಿ ಗುಂಡು ಹಾರಿದ ಆ ಮಧ್ಯಾಹ್ನ ಕಳೆದು ಕೆಲವು ವಾರಗಳಾಗಿದ್ದವು. ಕ್ಷೌರದ ಅಂಗಡಿಯವನು, ಬೀದಿಯೆಲ್ಲ ಕತ್ತರಿ ಎಂದು ಕರೆಯುವವನು, ಒಂದು ಸಂಜೆ ಎಂದಿನಂತೆ ಧಡಾರನೆ ಷಟರ್ ಎಳೆದ. ಎದುರು ಅಂಗಡಿಯ ಹೆಂಗಸು ಮೇಜಿನ ಕೆಳಗೆ ನುಗ್ಗಲು ಹೋಗಿ ಹಣೆ ಒಡೆದುಕೊಂಡಳು. ಗುಂಡು ತಗುಲಿ ಕುಂಟುವ ಕಾಲನ್ನು ಎಳೆದುಕೊಂಡು ಓಡಿಹೋಗಿ ಕತ್ತರಿಯೇ ಅವಳ ಹಣೆಗೆ ಹತ್ತಿ ಒತ್ತಿದ. ಮಾರನೆಯ ದಿನದಿಂದ ಕೂಗಿ ಹೇಳತೊಡಗಿದ. ನೋಡನೋಡುತ್ತಾ ಅದು ಬೀದಿಯ ಬಾಯಿಗೆ ಬಂತು.

ಕೂಗಿ ಹೇಳಿದರೂ ತಡೆದುಕೊಳ್ಳಲಾಗದ ಸದ್ದು ಒಂದಿತ್ತು. ಅದು ತಗಡಿನ ಅಂಗಡಿಯದು. ಬಕೆಟ್ಟು, ಟ್ರಂಕು, ನೀರಿನ ತೊಟ್ಟಿಯ ಮುಚ್ಚಳ ಎಲ್ಲವನ್ನೂ ಬಡಿದು ಮಾಡುವ ಆ ಅಂಗಡಿಯವನನ್ನು ಕರೆಯುವುದೂ ತಗಡು ಎಂದೇ. ಅವನ ಅಪ್ಪನನ್ನೂ ಹಾಗೇ ಕರೆಯುತ್ತಿದ್ದರು. ಬೆಳಿಗ್ಗೆ ಅವನ ಸುತ್ತಿಗೆ ಶುರುವಾಯಿತೆಂದರೆ ಬೀದಿಗೆ ಬೆಳಗಾಯಿತೆಂದೇ ಲೆಕ್ಕ. ಸಂಜೆಯವರೆಗೂ ಅದು ಕಿವಿಯ ಮೇಲೆ ಬೀಳುತ್ತಿತ್ತು, ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ. ಈಗ ಅವನು ಪ್ಲಾಸ್ಟಿಕ್ ಬಕೆಟ್ಟು ತರಿಸಿ ಮಾರುತ್ತಾನೆ. ಒಂದರೊಳಗೊಂದು ಸಿಕ್ಕಿಸಿದ ಬಣ್ಣಬಣ್ಣದ ಬಕೆಟ್ಟುಗಳ ಹಿಂದೆ ಸ್ಟೂಲಿನ ಮೇಲೆ ಕೂತು, ಕೆಲಸ ಕಳೆದುಕೊಂಡ ಎರಡು ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡಿರುತ್ತಾನೆ.

ಯಾಕೆ ಎಂದು ಎಲ್ಲರಿಗೂ ಗೊತ್ತು. ಆ ಮಧ್ಯಾಹ್ನ ಬೀದಿಯ ತುದಿಯಲ್ಲಿ ಮೊದಲ ಗುಂಡುಗಳು ಹಾರಿದಾಗ ಬೀದಿಗೆ ಬೀದಿಯೇ ಅಂದುಕೊಂಡದ್ದು ಒಂದೇ: ತಗಡು ಬಡಿಯುತ್ತಿದ್ದಾನೆ. ಹಾಗಾಗಿ ಯಾರೂ ಓಡಲಿಲ್ಲ, ಯಾರೂ ಬಾಗಿಲು ಹಾಕಲಿಲ್ಲ. ಬಂದೂಕು ಹಿಡಿದು ಬಂದವನು ಯಾರ ಮೇಲಿನ ಸಿಟ್ಟಿಗೆ ಬಂದಿದ್ದನೋ ಆ ಮನುಷ್ಯ ಅವತ್ತು ಬೀದಿಗೇ ಬಂದಿರಲಿಲ್ಲವೆಂದು ಆಮೇಲೆ ಕೋರ್ಟಿನಲ್ಲಿ ತಿಳಿಯಿತು. ಬಂದೂಕಿನವನು ಜೈಲಿಗೆ ಹೋದ. ಬೀದಿಯಲ್ಲಿ ಐದು ಜನ ಹೋದರು. ಅವರಲ್ಲಿ ಒಬ್ಬ ಇಸ್ತ್ರಿ ಅಕ್ಕನ ಗಂಡ.

ಅವನು ಹೋದ ಬಗೆಯನ್ನು ಅಕ್ಕ ಯಾರಿಂದಲೂ ಮುಚ್ಚಿಟ್ಟಿರಲಿಲ್ಲ. ಕೇಳಿದವರಿಗೆಲ್ಲ ಹೇಳಿದ್ದಳು, ಕೇಳದವರಿಗೂ ಹೇಳಿದ್ದಳು. ಅವಳು ಶರಟಿನ ತೋಳು ಇಸ್ತ್ರಿ ಮಾಡುತ್ತಿದ್ದಳು. ಗಂಡ ಮಡಚಿದ ಬಟ್ಟೆಗಳನ್ನು ಗಂಟು ಕಟ್ಟುತ್ತಿದ್ದ. ಹೊರಗೆ ಸದ್ದಾಯಿತು. ಅವನು ತಲೆ ಎತ್ತಿ, "ಏನೇ ಅದು?" ಎಂದ. ಅವಳು ತೋಳಿನಿಂದ ಕಣ್ಣು ತೆಗೆಯದೆ, "ಇನ್ನೇನು, ತಗಡು ಕಣ್ರೀ. ಅವನಿಗೆ ಬೇರೆ ಏನು ಕೆಲಸ" ಎಂದಳು. ಅವನು ನಕ್ಕ. ದಿನಕ್ಕೊಮ್ಮೆ ಬಾಗಿಲಿಗೆ ಹೋಗಿ ತಗಡನ್ನು ರೇಗಿಸದಿದ್ದರೆ ಅವನಿಗೆ ತಿಂದದ್ದು ಅರಗುತ್ತಿರಲಿಲ್ಲ. ಎದ್ದು ಹೊಸ್ತಿಲಿಗೆ ಹೋಗಿ, ಬಾಯಿಗೆ ಕೈ ಅಡ್ಡ ಹಿಡಿದು, "ಏ ತಗಡು, ನಮ್ಮ ಕಿವಿ ಏನು ನಿನಗೆ ಬಾಡಿಗೆಗೆ ಕೊಟ್ಟಿದೀವೇನೋ?" ಎಂದು ಕೂಗಿದ. ಅಷ್ಟೇ. ಹೊಸ್ತಿಲ ಮೇಲೆಯೇ ಬಿದ್ದ.

ಎಲ್ಲರೂ ತಗಡು ಅಂದುಕೊಂಡರು, ನೀನೂ ಅಂದುಕೊಂಡೆ, ಅದರಲ್ಲಿ ನಿನ್ನ ತಪ್ಪೇನು ಎಂದು ಜನ ಹೇಳುತ್ತಿದ್ದರು. ಮಗಳೂ ಹೇಳುತ್ತಿದ್ದಳು. ಅಕ್ಕ ತಲೆಯಾಡಿಸುತ್ತಿದ್ದಳು. ಆದರೆ ಒಳಗೆ ಒಂದು ಮಾತು ಹುಳದ ಹಾಗೆ ಕೊರೆಯುತ್ತಿತ್ತು: ನಿಜಕ್ಕೂ ಎರಡು ಸದ್ದೂ ಒಂದೇ ಥರ ಇದ್ದವೇ? ಇದ್ದರೆ ಸರಿ, ದೇವರ ಕಿವಿಯೂ ಮೋಸ ಹೋಗುತ್ತಿತ್ತು. ಇರದಿದ್ದರೆ? ನೆನಪು ಮಾಡಿಕೊಳ್ಳಲು ಕೂತರೆ ಗುಂಡಿನ ಸದ್ದು ಸುತ್ತಿಗೆಯದಾಗುತ್ತಿತ್ತು, ಸುತ್ತಿಗೆಯ ಸದ್ದು ಗುಂಡಿನದಾಗುತ್ತಿತ್ತು. ಎರಡೂ ತಲೆಯಲ್ಲಿ ಕಲಸಿಹೋಗಿದ್ದವು. ಹೋಲಿಸಿ ನೋಡೋಣವೆಂದರೆ ಬೀದಿಯಲ್ಲಿ ಸುತ್ತಿಗೆಯೇ ನಿಂತುಹೋಗಿತ್ತು.

ವರ್ಷ ತುಂಬುತ್ತಾ ಬಂತು. ಹೋದವರ ನೆನಪಿಗೆ ಏನಾದರೂ ಮಾಡಬೇಕೆಂದು ಒಂದು ಸಂಜೆ ಬೀದಿಯವರು ಕತ್ತರಿಯ ಅಂಗಡಿಯಲ್ಲಿ ಸೇರಿದರು. ಕ್ಷೌರದ ಕುರ್ಚಿಯಲ್ಲಿ ಮೇಷ್ಟ್ರು ಕೂತರು. ಅವರು ಬೀದಿಯವರಲ್ಲ. ಪೆನ್ಸಿಲು ಕೊಳ್ಳಲು ಬಂದಿದ್ದ ಅವರ ಮೊಮ್ಮಗಳು ಅವತ್ತು ಅಂಗಡಿಯ ಮುಂದೆ ಬಿದ್ದಳು. ಅಂದಿನಿಂದ ಮೇಷ್ಟ್ರು ಬೀದಿಯವರೇ ಆಗಿಬಿಟ್ಟಿದ್ದರು. ಮನಸ್ಸಿನ ಭಾರ ಇಳಿಸಲೆಂದು ವಾರಕ್ಕೊಮ್ಮೆ ಬಂದು ಎಲ್ಲರನ್ನೂ ಸುತ್ತ ಕೂರಿಸಿ ಮಾತಾಡಿಸುವ ಮೇಡಂ ಕೂಡ ಬಂದಿದ್ದರು. ಅವರಿಗೆ ಮಾತಿನ ಮೇಡಂ ಎಂದು ಕತ್ತರಿ ಹೆಸರಿಟ್ಟಿದ್ದ.

"ಎಲ್ಲರೂ ಒಮ್ಮೆ ಕಣ್ಣು ಮುಚ್ಚಿ ಶುರು ಮಾಡೋಣವಾ?" ಎಂದರು ಮೇಡಂ.

"ಮುಚ್ಚಿದ್ರೆ ಕಾಣೋದೇ ಅದು ಮೇಡಂ. ತೆಗೆದುಕೊಂಡೇ ಶುರು ಮಾಡೋಣ" ಎಂದ ಕತ್ತರಿ.

ಮೇಡಂ ನಕ್ಕರು. ಅವರು ಒಳ್ಳೆಯವರು, ಇಂಥ ಮಾತಿಗೆ ಮುಖ ಗಂಟಿಕ್ಕುವವರಲ್ಲ.

ಮೇಷ್ಟ್ರು ಗಂಟಲು ಸರಿಮಾಡಿಕೊಂಡು ತಮ್ಮ ಯೋಚನೆ ಹೇಳಿದರು. ಬೀದಿಯ ನಡುವೆ ಸಾಲಾಗಿ ಕುರ್ಚಿ. ಐದು ಹೆಸರು ಓದುವುದು. ಸ್ವಲ್ಪ ಹೊತ್ತು ಮೌನ. ಅಷ್ಟೇ, ಭಾಷಣ ಬೇಡ.

"ಕುರ್ಚಿ ಕಾಲಿಗೆ ಬಟ್ಟೆ ಸುತ್ತಬೇಕು. ನೆಲಕ್ಕೆ ಉಜ್ಜಿದ್ರೆ ಕಿರ್ ಅನ್ನುತ್ತೆ" ಎಂದು ಯಾರೋ ಅಂದರು.

"ಮಕ್ಕಳ ಕೈಲಿ ಬಲೂನು ಕೊಡಬಾರದು."

"ಚಪ್ಪಾಳೆ ಬೇಡ."

"ಕೆಮ್ಮೋದು?" ಎಂದ ಕತ್ತರಿ. "ಕೆಮ್ಮೋ ಮೊದಲು ಕೈ ಎತ್ತಬೇಕಾ?"

ಒಂದಿಬ್ಬರು ನಕ್ಕರು. ನಗು ಬೇಗ ಆರಿತು. ಇಸ್ತ್ರಿ ಅಕ್ಕ ಬಾಗಿಲ ಬಳಿ ನಿಂತಿದ್ದಳು. ಅವಳ ಹಿಂದೆ, ಒಳಗೂ ಅಲ್ಲದ ಹೊರಗೂ ಅಲ್ಲದ ಜಾಗದಲ್ಲಿ ತಗಡು ನಿಂತಿದ್ದ. ಎಲ್ಲಿ ಜನ ಸೇರಿದರೂ ಅವನು ಹಾಗೇ ನಿಲ್ಲುತ್ತಿದ್ದ, ಹೋಗು ಎಂದರೆ ಹೋಗಲು ಅನುಕೂಲವಾಗಿ. ಈ ಒಂದು ವರ್ಷ ಯಾರೂ ಅವನಿಗೆ ಒಂದು ಕೆಟ್ಟ ಮಾತು ಆಡಿರಲಿಲ್ಲ. ಒಳ್ಳೆಯ ಮಾತೂ ಆಡಿರಲಿಲ್ಲ ಎಂಬುದು ಅಕ್ಕನಿಗೆ ಆಗ ಹೊಳೆಯಿತು.

"ಮೌನ ದಿನಾ ಇದೆಯಲ್ಲ ಮೇಷ್ಟ್ರೇ" ಎಂದಳು ಅಕ್ಕ. ಅವಳು ಮಾತಾಡಬೇಕೆಂದು ಬಂದವಳಲ್ಲ, ಮಾತು ತಾನಾಗಿ ಬಂತು. "ಒಂದು ವರ್ಷದಿಂದ ನಾವು ಮಾಡ್ತಿರೋದು ಅದೇ. ಅವತ್ತು ತಗಡು ಬಡೀಲಿ. ಒಂದು ಸಲ."

ಅಂಗಡಿಯ ಮೇಲೆ ಯಾರೋ ತಣ್ಣೀರು ಸುರಿದಂತಾಯಿತು. ಆಮೇಲೆ ಎಲ್ಲರ ಬಾಯೂ ಒಟ್ಟಿಗೆ ಬಿಚ್ಚಿತು. ನಿನಗೇನು ತಲೆ ಕೆಟ್ಟಿದೆಯಾ ಅಕ್ಕ? ಗಾಯದ ಮೇಲೆ ಉಪ್ಪು ಹಾಕೋ ಮಾತಾ? ಹಣೆ ಒಡೆದುಕೊಂಡಿದ್ದ ಎದುರಂಗಡಿಯ ಹೆಂಗಸು, "ಹಾಗೇನಾದ್ರೂ ಆದ್ರೆ ನಾನು ಈ ಬೀದಿಗೇ ಕಾಲಿಡಲ್ಲ" ಎಂದು ಎದ್ದು ನಿಂತಳು.

"ಯಾಕೆ ಕೇಳಬೇಕು ಅನ್ನಿಸ್ತು?" ಎಂದು ಮೇಡಂ ಮೆಲ್ಲಗೆ ಕೇಳಿದರು.

"ಒಂದೇ ಥರ ಇದೆಯಾ ಇಲ್ವಾ ಅಂತ ತಿಳ್ಕೋಬೇಕು. ಅಷ್ಟೇ."

ಅಕ್ಕ ಹಿಂದೆ ತಿರುಗಿ ನೋಡಿದಾಗ ಬಾಗಿಲ ಹೊರಗೆ ತಗಡು ಇರಲಿಲ್ಲ.

ಮಾರನೆಯ ಬೆಳಿಗ್ಗೆ ಅವಳು ಅವನ ಅಂಗಡಿಗೆ ಹೋದಳು. ಕೈಯಲ್ಲಿ ಇಸ್ತ್ರಿಯಾದ ಅವನದೇ ಎರಡು ಅಂಗಿ, ಹೋಗಲು ಒಂದು ನೆಪ. ಮುಂದೆ ಪ್ಲಾಸ್ಟಿಕ್ಕು ತುಂಬಿದ್ದರೂ ಹಿಂದಿನ ಕೋಣೆ ಹಳೆಯದೇ ಆಗಿತ್ತು. ಗೋಡೆಗೆ ಒರಗಿಸಿದ ತಗಡಿನ ಹಾಳೆಗಳು, ಅಂಚು ಕತ್ತರಿಸುವ ದೊಡ್ಡ ಕತ್ತರಿ, ನೆಲಕ್ಕೆ ಹೂತ ಮರದ ದಿಮ್ಮಿ, ಅದರ ಮೇಲೆ ಬಡಿಯುವ ಕಬ್ಬಿಣದ ಗೂಟ. ಗೂಟದ ತಲೆ ಮೊದಲು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಈಗ ಮೇಲೆ ಕಂದು ತುಕ್ಕು ಹಿಡಿದಿತ್ತು.

"ಸಿಟ್ಟು ಬಂತಾ?" ಎಂದಳು ಅಕ್ಕ.

"ನನಗೆ ಸಿಟ್ಟು ಮಾಡ್ಕೊಳ್ಳೋ ಯೋಗ್ಯತೆ ಎಲ್ಲಿದೆ ಅಕ್ಕ" ಎಂದ ತಗಡು. ಸ್ಟೂಲು ಅವಳಿಗೆ ಕೊಟ್ಟು ತಾನು ಮಗುಚಿದ ಬಕೆಟ್ಟಿನ ಮೇಲೆ ಕೂತ. ಅದು ಅವನ ಭಾರಕ್ಕೆ ಮೆತ್ತಗೆ ಬಗ್ಗಿತು. "ನೋಡು, ಇದೂ ಒಂದು ಬಕೆಟ್ಟು. ಮನುಷ್ಯ ಕೂತರೆ ನಾಚಿಕೊಳ್ಳುತ್ತೆ."

ಅಕ್ಕ ನಕ್ಕಳು. ಅವನು ನಗಲಿಲ್ಲ.

"ಅವತ್ತು ಬೆಳಿಗ್ಗೆಯಿಂದ ತೊಟ್ಟಿ ಮುಚ್ಚಳ ಬಡೀತಾ ಇದ್ದೆ" ಎಂದ. "ಹೊಟ್ಟೆ ಹಸಿದು ಸುತ್ತಿಗೆ ಕೆಳಗಿಟ್ಟು ಬುತ್ತಿ ಬಿಚ್ಚಿದೆ. ತುತ್ತು ಕೈಯಲ್ಲಿತ್ತು. ಆಗ ಸದ್ದು ಕೇಳಿಸ್ತು. ಇಡೀ ಬೀದಿಯಲ್ಲಿ ಅದು ತಗಡಲ್ಲ ಅಂತ ಗೊತ್ತಿದ್ದವನು ನಾನೊಬ್ಬನೇ, ಅಕ್ಕ. ಯಾಕಂದ್ರೆ ತಗಡು ಇಲ್ಲಿ ಕೂತು ಊಟ ಮಾಡ್ತಿದ್ದ. ಇದ್ಯಾರಪ್ಪ ನನ್ನ ಕೆಲಸಕ್ಕೆ ಕೈ ಹಾಕಿದೋರು ಅಂತ ಯೋಚಿಸ್ತಾ ಇದ್ದೆ. ನಿಮ್ಮೆಜಮಾನ್ರು ಕಿವಿ ಬಾಡಿಗೆ ಅಂತ ಕೂಗಿದ್ದೂ ಕೇಳಿಸ್ತು. ನಾನಲ್ಲ ಮಾರಾಯಾ ಅಂತ ಹೇಳೋಣ ಅಂದ್ರೆ ಬಾಯಿ ತುಂಬ ಅನ್ನ."

ಇದು ಅಕ್ಕನಿಗೆ ಗೊತ್ತಿರಲಿಲ್ಲ. ಗಂಡನ ಕೊನೆಯ ಮಾತು ಇನ್ನೊಬ್ಬರ ಕಿವಿಗೂ ಬಿದ್ದಿತ್ತು ಎಂಬುದೇ ಅವಳಿಗೆ ಒಂದು ಥರ ಸಮಾಧಾನವಾಯಿತು, ಇನ್ನೊಂದು ಥರ ಹೊಟ್ಟೆ ಉರಿಯಿತು.

"ಮತ್ತೆ ನಿನಗೆ ಗೊತ್ತಿರಬೇಕಲ್ಲ? ಎರಡೂ ಒಂದೇ ಥರ ಇತ್ತಾ?"

"ಅದೇ ಗೊತ್ತಿಲ್ಲ. ಬಡಿಯೋನಿಗೆ ತನ್ನ ಸದ್ದು ಹೊರಗೆ ಹೇಗೆ ಕೇಳುತ್ತೆ ಅಂತ ಯಾವತ್ತೂ ಗೊತ್ತಾಗಲ್ಲ. ನನಗೆ ಅದು ಮೊಣಕೈಯಲ್ಲಿ ಕೇಳುತ್ತೆ, ಹಲ್ಲಿನಲ್ಲಿ ಕೇಳುತ್ತೆ. ಬೀದಿಯಲ್ಲಿ ನಿಂತು ನನ್ನ ಸುತ್ತಿಗೆ ನಾನು ಕೇಳಿದೋನೇ ಅಲ್ಲ." ಅವನು ಕೈಗಳನ್ನು ನೋಡಿಕೊಂಡ. "ಒಂದೇ ಥರ ಇದ್ದರೆ, ನನ್ನ ಅಪ್ಪ ನಾನು ಸೇರಿ ಇಷ್ಟು ವರ್ಷ ಬೀದಿಯ ಕಿವೀನ ಕೊಂದು ಇಟ್ಟಿದ್ವಿ ಅಂತ. ಬಂದೂಕಿನೋನು ಬಂದು ಅದರ ಲಾಭ ತಗೊಂಡ ಅಂತ. ನಾನು ಇಲ್ಲದೆ ಇದ್ದಿದ್ರೆ ಜನ ಮೊದಲನೇ ಸದ್ದಿಗೇ ಓಡ್ತಿದ್ರು. ಅದು ಬೇರೆ ಥರ ಇತ್ತು ಅಂತ ಯಾರಾದ್ರೂ ಒಬ್ಬರು ಹೇಳಿದ್ರೆ ಸಾಕು, ರಾತ್ರಿ ಮಲಗ್ತೀನಿ."

ಅಕ್ಕನಿಗೆ ಬೇಕಾದದ್ದು ಒಂದೇ ಥರ ಇತ್ತು ಎಂಬ ಮಾತು. ಇವನಿಗೆ ಬೇಕಾದದ್ದು ಬೇರೆ ಇತ್ತು ಎಂಬ ಮಾತು. ಒಬ್ಬರಿಗೆ ಬಿಡುಗಡೆಯಾದರೆ ಇನ್ನೊಬ್ಬರ ಕುತ್ತಿಗೆಗೆ ಹಗ್ಗ. ಇಬ್ಬರೂ ಒಂದೇ ತಕ್ಕಡಿಯ ಎರಡು ತಟ್ಟೆಯಲ್ಲಿ ಕೂತು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಅವನಿಗೂ ಅದು ಅರ್ಥವಾಗಿತ್ತು. ಅರ್ಥವಾದವನಂತೆ ತಲೆ ತಗ್ಗಿಸಿದ.

"ಅದಕ್ಕೇ ಬೇಡ ಅಕ್ಕ" ಎಂದ. "ಗೊತ್ತಿಲ್ಲದೇ ಇದ್ರೆ ಇಬ್ರೂ ಅರ್ಧರ್ಧ ಹೊತ್ಕೊಂಡಿರ್ತೀವಿ."

"ಅರ್ಧ ಅನ್ನೋದು ಇಲ್ಲ ತಮ್ಮ. ಇಬ್ರೂ ಪೂರ್ತಿಯೇ ಹೊತ್ಕೊಂಡಿದೀವಿ" ಎಂದಳು ಅಕ್ಕ. ಅಂಗಿಗಳನ್ನು ಸ್ಟೂಲಿನ ಮೇಲೆ ಇಟ್ಟು ಎದ್ದು ಬಂದಳು.

ಆ ಸಂಜೆ ಮನೆಯಲ್ಲಿ ಮಗಳು ಸುಮ್ಮನಿರಲಿಲ್ಲ. ಸುದ್ದಿ ಅವಳ ಕೆಲಸದ ಜಾಗಕ್ಕೂ ಹೋಗಿ ಮುಟ್ಟಿತ್ತು.

"ಅಲ್ಲಮ್ಮ, ಇಷ್ಟು ದಿನ ಆದ್ಮೇಲೆ ಅದನ್ನ ಕೆದಕಿ ಏನು ತೆಗೀತೀಯ? ಬೇರೆ ಥರ ಇತ್ತು ಅಂತ ಆದ್ರೆ ಏನ್ಮಾಡ್ತೀಯ?"

"ಏನ್ಮಾಡ್ತೀನಿ, ಮಾರನೇ ದಿನ ಎದ್ದು ಇಸ್ತ್ರಿ ಮಾಡ್ತೀನಿ."

"ತಮಾಷೆ ಬೇಡ."

"ತಮಾಷೆ ಅಲ್ಲ ಕಣೇ. ಆ ಮಾತು ಆಡಿದ ಬಾಯಿ ನಂದು. ಅದು ತಪ್ಪಿದ ಮಾತೋ, ಕೇಳಿಸಿಕೊಳ್ಳದೇ ಆಡಿದ ಮಾತೋ ಅಂತ ನನಗೆ ಬೇಕು. ನಿನ್ನಪ್ಪನ ಹತ್ರ ದಿನಾ ಮಾತಾಡ್ತೀನಿ, ಮನಸ್ಸಲ್ಲಿ. ಆ ಜಾಗಕ್ಕೆ ಬಂದಾಗ ಮಾತು ನಿಂತುಹೋಗುತ್ತೆ."

ಮಗಳು ತಟ್ಟೆ ತೊಳೆಯುವುದನ್ನು ನಿಲ್ಲಿಸಿದಳು. ಸ್ವಲ್ಪ ಹೊತ್ತಿನ ಮೇಲೆ, "ಸದ್ದು" ಎಂದು ಹೇಳಿ ತಟ್ಟೆಯನ್ನು ಕಲ್ಲಿನ ಮೇಲೆ ಇಟ್ಟಳು.

ಒಪ್ಪಿಗೆ ಬಂದದ್ದು ಮೇಷ್ಟ್ರಿಂದ. ಅದನ್ನು ಯಾರೂ ನಿರೀಕ್ಷಿಸಿರಲಿಲ್ಲ. ಅವರು ನಿಧಾನವಾಗಿ ನಡೆದು ಬಂದು ಇಸ್ತ್ರಿ ಅಂಗಡಿಯ ಬೆಂಚಿನ ಮೇಲೆ ಕೂತು, ಊರುಗೋಲನ್ನು ಸದ್ದಾಗದಂತೆ ಗೋಡೆಗೆ ಒರಗಿಸಿದರು.

"ನಾನು ಅವತ್ತು ಇಲ್ಲಿರಲಿಲ್ಲ" ಎಂದರು. "ಮಗು ಕೊನೆಗೆ ಏನು ಕೇಳಿತು ಅಂತ ನನಗೆ ಗೊತ್ತಿಲ್ಲ. ಭಯದ ಸದ್ದು ಕೇಳಿತೋ, ಅಥವಾ ಈ ಬೀದಿಗೆ ಬಂದಾಗೆಲ್ಲ ಕೇಳೋ ತಗಡಿನ ಸದ್ದು ಅಂದ್ಕೊಂಡೇ ಇತ್ತೋ. ಹಾಗೆ ಅಂದ್ಕೊಂಡಿದ್ರೆ ಹೆದರಿರಲಿಕ್ಕಿಲ್ಲ ಅಲ್ವಾ? ನನಗೂ ಕೇಳಬೇಕಮ್ಮ. ತಗಡಿಗೆ ನಾನೇ ಹೇಳ್ತೀನಿ."

ಅವರು ಹೇಗೆ ಹೇಳಿದರೋ ಗೊತ್ತಿಲ್ಲ. ಆದರೆ ಸಂಜೆಯ ಹೊತ್ತಿಗೆ ತಗಡಿನ ಅಂಗಡಿಯ ಹಿಂದಿನಿಂದ ಮರಳುಕಾಗದ ಉಜ್ಜುವ ಸದ್ದು ಬರುತ್ತಿತ್ತು. ಗೂಟದ ತುಕ್ಕು ಬಿಡಿಸುತ್ತಿದ್ದ.

ಕುರ್ಚಿಯ ಸಾಲು ಬೇಡವೆಂದು ಹೇಳಿದವರೂ ಮೇಷ್ಟ್ರೇ. ಸಾಲಾಗಿ ಕೂತರೆ ಸಭೆಯಾಗುತ್ತದೆ. ಅವತ್ತು ಯಾರು ಎಲ್ಲಿದ್ದರೋ ಅಲ್ಲೇ ಇರಲಿ ಎಂದರು. ತಗಡು ಅವತ್ತಿನ ಹಾಗೇ ತೊಟ್ಟಿ ಮುಚ್ಚಳ ಬಡಿಯುವುದೆಂದಾಯಿತು. ಎದುರಂಗಡಿಯ ಹೆಂಗಸು ಆ ದಿನ ಬರುವುದಿಲ್ಲವೆಂದು ಹೇಳಿ ಕಳಿಸಿದಳು. ಅವಳನ್ನು ಯಾರೂ ಒತ್ತಾಯ ಮಾಡಲಿಲ್ಲ.

ಆ ದಿನ ಬಂತು. ಮಧ್ಯಾಹ್ನದ ಹೊತ್ತಿಗೆ ಬೀದಿಯ ಎರಡೂ ತುದಿಗೆ ಹಗ್ಗ ಕಟ್ಟಿ ಗಾಡಿಗಳನ್ನು ನಿಲ್ಲಿಸಿದರು. ಮೋಡ ಕವಿದಿತ್ತು, ಗಾಳಿ ಇರಲಿಲ್ಲ. ಮೇಡಂ ಬೀದಿಯ ನಡುವೆ ನಿಂತು ಐದು ಹೆಸರುಗಳನ್ನು ಓದಿದರು. ಒಂದೊಂದು ಹೆಸರಿಗೂ ಒಂದೊಂದು ಅಂಗಡಿಯ ಮುಂದೆ ಯಾರಾದರೂ ಕೈ ಎತ್ತಿದರು. ಪೆನ್ಸಿಲಿನ ಅಂಗಡಿಯ ಮುಂದೆ ಮೇಷ್ಟ್ರು ಕೈ ಎತ್ತಿದರು. ಹೆಸರು ಓದಿ ಮುಗಿದ ಮೇಲೂ ಅವರು ಅದನ್ನು ಇಳಿಸಲಿಲ್ಲ. ಕತ್ತರಿ ತನ್ನ ಅಂಗಡಿಯೊಳಗೆ ಖಾಲಿ ಕುರ್ಚಿಯ ಹಿಂದೆ ನಿಂತಿದ್ದ. ಅವತ್ತು ಆ ಕುರ್ಚಿಯಲ್ಲಿ ಕೂತಿದ್ದ ಗಿರಾಕಿ, ಮುಖದ ತುಂಬ ಸೋಪಿನ ನೊರೆ ಇಟ್ಟುಕೊಂಡೇ ಪ್ರಾಣ ಬಿಟ್ಟಿದ್ದ. ಕತ್ತರಿ ಇವತ್ತು ಒಂದೂ ತಮಾಷೆ ಮಾಡಿರಲಿಲ್ಲ.

ಅಕ್ಕ ಇಸ್ತ್ರಿ ಮೇಜಿನ ಮುಂದೆ ನಿಂತಳು. ಒಂದು ಶರಟಿನ ತೋಳನ್ನು ಹರಡಿಕೊಂಡಳು. ಮಗಳು ಒಳಗೆ ಬರುತ್ತೇನೆಂದಾಗ ಬೇಡವೆಂದಿದ್ದಳು. ಅವತ್ತು ಮಗಳು ಇರಲಿಲ್ಲ. ಗಂಡ ಗಂಟು ಕಟ್ಟುತ್ತಿದ್ದ ಮೂಲೆಯನ್ನು ನೋಡಲಿಲ್ಲ. ಹೊಸ್ತಿಲನ್ನೂ ನೋಡಲಿಲ್ಲ. ಅವತ್ತು ನೋಡಿರಲಿಲ್ಲವಲ್ಲ.

"ಸದ್ದೂ!" ಎಂದು ಕತ್ತರಿಯ ದನಿ ಕೇಳಿತು. ಅದನ್ನು ಇನ್ನೊಬ್ಬರು ಎತ್ತಿಕೊಂಡರು, ಮತ್ತೊಬ್ಬರು. "ಸದ್ದೂ! ಸದ್ದೂ!" ಎಂದು ಬೀದಿಯ ಈ ತುದಿಯಿಂದ ಆ ತುದಿಗೆ ಹೋಗಿ ನಿಂತಿತು.

ಸುತ್ತಿಗೆ ಬಿತ್ತು.

ಮೊದಲ ಪೆಟ್ಟಿಗೆ ಅಕ್ಕ ಮೇಜಿನ ಅಂಚು ಹಿಡಿದು ನಿಂತಳು. ಎರಡನೆಯ ಪೆಟ್ಟು, ಮೂರನೆಯದು. ಎಲ್ಲೋ ಒಂದು ಮಗು ಅಳತೊಡಗಿತು. ಯಾರೋ ಬಿರಬಿರನೆ ಬೀದಿ ಬಿಟ್ಟು ಹೋದರು. ಅಕ್ಕನಿಗೆ ಬರೀ ತನ್ನ ಎದೆ ಬಡಿತ ಕೇಳುತ್ತಿತ್ತು. ಇದೇ, ಇದೇ ಸದ್ದು, ಒಂದೇ ಥರ ಎಂದುಕೊಂಡಳು. ಎದೆಯ ಮೇಲಿನ ಕಲ್ಲು ಅಲುಗಿದಂತಾಯಿತು.

ತಗಡು ನಿಲ್ಲಿಸಲಿಲ್ಲ. ಮೊದಮೊದಲು ತಡವರಿಸುತ್ತಿದ್ದ ಕೈ ತನ್ನ ಹಳೆಯ ಹದಕ್ಕೆ ಬಂತು. ಅಕ್ಕನ ಎದೆ ಬಡಿತವೂ ಸ್ವಲ್ಪ ಇಳಿಯಿತು. ಆಗ ಅವಳು ಕೇಳಿಸಿಕೊಂಡಳು. ಬಹುಶಃ ಅಷ್ಟು ವರ್ಷಗಳಲ್ಲಿ ಮೊದಲ ಸಲ.

ಎರಡು ಸಣ್ಣ ಪೆಟ್ಟು, ಒಂದು ದೊಡ್ಡದು. ಆಮೇಲೆ ಒಂದು ಬಿಡುವು. ತಗಡನ್ನು ತಿರುಗಿಸುವಾಗ ಅದು ಗೂಟಕ್ಕೆ ಸವರುವ ಸಣ್ಣ ಕರಕರ. ಮತ್ತೆ ಎರಡು ಸಣ್ಣದು, ಒಂದು ದೊಡ್ಡದು. ಪ್ರತಿ ದೊಡ್ಡ ಪೆಟ್ಟಿಗೂ ಒಂದು ಬಾಲವಿತ್ತು. ಠಣ್ ಎಂದದ್ದು ಗಾಳಿಯಲ್ಲಿ ಗುಂಯ್ ಎಂದು ಸ್ವಲ್ಪ ದೂರ ಹೋಗಿ ಕರಗುತ್ತಿತ್ತು. ಅವತ್ತಿನದಕ್ಕೆ ಬಾಲವಿರಲಿಲ್ಲ. ಅವತ್ತಿನದು ಒಣ ಸದ್ದು, ಬಿದ್ದಲ್ಲೇ ಸತ್ತ ಸದ್ದು. ತಿರುಗಿಸುವ ಬಿಡುವೂ ಇರಲಿಲ್ಲ. ತಲೆಯಲ್ಲಿ ಕಲಸಿಹೋಗಿದ್ದ ಎರಡು ಸದ್ದುಗಳು ಅವಳ ಕಣ್ಣೆದುರೇ ಬೇರೆಯಾಗಿ ನಿಂತವು.

ಅಷ್ಟೇ ಆಗಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದಳು. ಆದರೆ ಅದರ ಹಿಂದೆಯೇ ಇನ್ನೊಂದು ಬಂತು. ಮದುವೆಯಾಗಿ ಈ ಅಂಗಡಿಗೆ ಬಂದ ದಿನದಿಂದ ದಿನವೂ ಆ ಸುತ್ತಿಗೆ ಬಡಿಯುತ್ತಲೇ ಇತ್ತು. ಒಂದು ದಿನವಾದರೂ ಗಂಡ ತಲೆ ಎತ್ತಿ ಅದೇನು ಎಂದು ಕೇಳಿರಲಿಲ್ಲ. ರೇಗಿಸಿದ್ದ, ಬೈದಿದ್ದ, ಅದರ ತಾಳಕ್ಕೆ ಗಂಟು ಕಟ್ಟಿದ್ದ. ಏನೇ ಅದು ಎಂದು ಕೇಳಿದ್ದು ಅವತ್ತೊಂದೇ ದಿನ. ಅವನ ಕಿವಿಗೆ ಗೊತ್ತಾಗಿತ್ತು. ಅವನು ಕೇಳಿದ್ದ. ಅವಳು ಉತ್ತರ ಕೊಟ್ಟಿದ್ದಳು. ಹೆಂಡತಿಯ ಮಾತನ್ನು ನಂಬಿ, ತನ್ನ ಕಿವಿಯನ್ನು ಬಿಟ್ಟು, ನಗುತ್ತಾ ಹೋಗಿ ಹೊಸ್ತಿಲ ಮೇಲೆ ನಿಂತಿದ್ದ.

ಸುತ್ತಿಗೆ ಯಾವಾಗ ನಿಂತಿತೋ ಅವಳಿಗೆ ತಿಳಿಯಲಿಲ್ಲ. ನೋಡಿದಾಗ ಹೊಸ್ತಿಲ ಆಚೆ ತಗಡು ನಿಂತಿದ್ದ. ಬೆವರು ಗಲ್ಲದಿಂದ ಇಳಿಯುತ್ತಿತ್ತು. ಸುತ್ತಿಗೆ ಇನ್ನೂ ಕೈಯಲ್ಲೇ ಇತ್ತು, ಅದನ್ನು ಇಡಬೇಕೆಂಬುದೇ ಅವನಿಗೆ ಮರೆತಿತ್ತು. ಅವನ ಹಿಂದೆ ಕತ್ತರಿ, ಮೇಷ್ಟ್ರು, ಮೇಡಂ, ಮಗಳು, ಬೀದಿಯಲ್ಲಿ ಉಳಿದವರೆಲ್ಲ. ಯಾರೂ ಹೊಸ್ತಿಲು ದಾಟಲಿಲ್ಲ.

"ಅಕ್ಕ?" ಎಂದ ತಗಡು.

ಒಂದೇ ಥರ ಇತ್ತು ಎಂದುಬಿಟ್ಟರೆ ಮುಗಿಯುತ್ತಿತ್ತು. ಅವಳ ಮಾತನ್ನು ಯಾರೂ ತಕ್ಕಡಿಯಲ್ಲಿಟ್ಟು ನೋಡುತ್ತಿರಲಿಲ್ಲ. ಎಲ್ಲರಿಗೂ ಬೇಕಾದದ್ದೂ ಅದೇ ಮಾತು. ಅವತ್ತು ತಗಡು ಎಂದವಳು ಅವಳೊಬ್ಬಳೇ ಅಲ್ಲವಲ್ಲ. ಅವರ ಮುಖಗಳನ್ನು ನೋಡಿದರೆ ಗೊತ್ತಾಗುತ್ತಿತ್ತು. ಒಂದು ಮುಖ ಮಾತ್ರ ಬೇರೆಯದಕ್ಕಾಗಿ ಕಾಯುತ್ತಿತ್ತು, ಅದೂ ಬೇಡಲು ಧೈರ್ಯವಿಲ್ಲದೆ.

"ಬೇರೆ" ಎಂದಳು ಅಕ್ಕ. ಇನ್ನೊಮ್ಮೆ ಹೇಳಿದಳು. "ಬೇರೆ ಕಣೋ ತಮ್ಮ. ನಿನ್ನದು ಆ ಸದ್ದೇ ಅಲ್ಲ. ಒಂದಿಷ್ಟೂ ಹೋಲಿಕೆ ಇಲ್ಲ."

ತಗಡು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತ. ಸುತ್ತಿಗೆಯನ್ನು ಮಡಿಲಲ್ಲಿ ಇಟ್ಟುಕೊಂಡು, ಬಾಯಿಗೆ ಅಂಗೈ ಒತ್ತಿಕೊಂಡು ಅತ್ತ. ಆಗಲೂ ಸದ್ದು ಮಾಡಲಿಲ್ಲ.

ಮಿಕ್ಕವರು ಒಬ್ಬರ ಮುಖ ಒಬ್ಬರು ನೋಡಿದರು. ಆ ಮಾತು ತಗಡನ್ನು ಬಿಡಿಸಿ ತಮ್ಮ ಮೇಲೆ ಬಂದು ಕೂತದ್ದು ನಿಧಾನವಾಗಿ ಒಬ್ಬೊಬ್ಬರಿಗೂ ತಿಳಿಯಿತು. ಮೇಷ್ಟ್ರು ಊರುಗೋಲು ಊರಿಕೊಂಡು ಪೆನ್ಸಿಲಿನ ಅಂಗಡಿಯ ಕಡೆಗೆ ತಿರುಗಿದರು. ಮೇಡಂ ಅವರ ಹಿಂದೆ ಹೋದರು.

"ನನಗೆ ಒಂದೇ ಥರ ಕೇಳಿಸ್ತಕ್ಕ" ಎಂದ ಕತ್ತರಿ. ಅವನ ದನಿಯಲ್ಲಿ ಸಿಟ್ಟಿತ್ತು. "ದೇವರಾಣೆ, ಒಂದೇ ಥರ. ಅವತ್ತು ಕುರ್ಚಿಯಲ್ಲಿದ್ದೋನು ಏಳೋಕೆ ಹೊರಟಿದ್ದ. ನಾನೇ ಭುಜ ಅದುಮಿ ಕೂರಿಸಿದೆ, ತಗಡು ಸಾರ್, ಅಲ್ಲಾಡಬೇಡಿ ಅಂತ."

"ನಿನಗೆ ಹಾಗೇ ಕೇಳಿಸಲಿ" ಎಂದಳು ಅಕ್ಕ. "ನಾನು ನನ್ನ ಕಿವಿದು ಹೇಳ್ದೆ. ನಿನ್ನ ಕಿವಿದು ನೀನು ಇಟ್ಕೋ."

ಕತ್ತರಿ ಕುಂಟುತ್ತಾ ತನ್ನ ಅಂಗಡಿಗೆ ಹೋಗಿ ಖಾಲಿ ಕುರ್ಚಿಯ ಹಿಂದೆ ಮತ್ತೆ ನಿಂತುಕೊಂಡ.

ಮಗಳು ಒಳಗೆ ಬಂದಳು. ಅಮ್ಮನ ಮುಖ ನೋಡಿದಳು. ಮೂಲೆಯಲ್ಲಿ ಉಳಿದಿದ್ದ ಮಡಚಿದ ಬಟ್ಟೆಗಳನ್ನು ಎತ್ತಿಕೊಂಡು ಗಂಟು ಕಟ್ಟತೊಡಗಿದಳು. ಅವಳಿಗೆ ಅದು ಸರಿಯಾಗಿ ಬರುತ್ತಿರಲಿಲ್ಲ, ತುದಿಗಳು ಜಾರುತ್ತಿದ್ದವು. ಅಕ್ಕ ತಿದ್ದಲಿಲ್ಲ.

"ಮುಚ್ಚಳ ಎಷ್ಟಾಯ್ತು?" ಎಂದು ತಗಡನ್ನು ಕೇಳಿದಳು.

ಅವನು ಮೂಗು ಒರೆಸಿಕೊಂಡ. "ಒಂದು ಅಂಚು ಮಡಿಸಿದೀನಿ. ಇನ್ನೂ ಮೂರು ಇದೆ."

"ಅರ್ಧಕ್ಕೆ ಬಿಟ್ರೆ ಅಂಚು ಕೈ ಕೊಯ್ಯುತ್ತೆ. ಹೋಗಿ ಮುಗಿಸು."

"ಬೇಡಕ್ಕ. ಇವತ್ತಿಗೆ ಸಾಕು. ನಿನಗೆ..."

"ಹೋಗು ಅಂದೆ."

ಅವನು ಎದ್ದು ಹೋದ. ಬೀದಿಯಲ್ಲಿ ಯಾರೂ ಅವನನ್ನು ತಡೆಯಲಿಲ್ಲ, ಯಾರೂ ಬೆನ್ನು ತಟ್ಟಲೂ ಇಲ್ಲ. ದಾರಿ ಮಾತ್ರ ಬಿಟ್ಟರು. ಸ್ವಲ್ಪ ಹೊತ್ತಿಗೆ ಹಿಂದಿನ ಕೋಣೆಯಿಂದ ಸುತ್ತಿಗೆ ಮತ್ತೆ ಕೇಳತೊಡಗಿತು. ಎರಡು ಸಣ್ಣದು, ಒಂದು ದೊಡ್ಡದು, ಬಿಡುವು. ಮಗಳು ಒಂದೊಂದು ಪೆಟ್ಟಿಗೂ ಭುಜ ಕುಗ್ಗಿಸಿದಳು, ಆದರೂ ಗಂಟು ಕಟ್ಟುವುದನ್ನು ಬಿಡಲಿಲ್ಲ. ಅಕ್ಕ ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಹಾಕಲಿಲ್ಲ. ಶರಟಿನ ತೋಳಿನ ಮೇಲೆ ಎರಡೂ ಅಂಗೈ ಊರಿಕೊಂಡು, ಮುಚ್ಚಳದ ಮೂರು ಅಂಚೂ ಮುಗಿಯುವವರೆಗೆ ಒಂದು ಪೆಟ್ಟನ್ನೂ ತಪ್ಪಿಸಿಕೊಳ್ಳದೆ ಕೇಳುತ್ತಾ ನಿಂತಳು.